ಕುರ್ಚಿಯ ಕೈ ಮೇಲಿನ ಸುಣ್ಣ

ನಮ್ಮ ಡ್ರಾಯಿಂಗ್ ಮೇಷ್ಟ್ರ ಕೆಳತುಟಿಯ ಒಂದು ಮೂಲೆ ಸದಾ ನೀಲಿ. ಕುಂಚದ ತುದಿಯನ್ನು ತುಟಿಗಿಟ್ಟು ಚೂಪು ಮಾಡುವ ಕೆಟ್ಟ ಅಭ್ಯಾಸ ಅವರಿಗೆ. "ಬಾಯಿ ಒರೆಸ್ಕಳಿ, ಕೆಂಗಲ್ ಆಂಜನೇಯನ ಮುಂದ್ಕೂ ಹಿಂಗೇ ಬತ್ತೀರಾ?" ಎಂದು ಹೆಂಡತಿ ಬೈಯುವುದು ಚನ್ನಪಟ್ಟಣದ ನಮ್ಮ ಬೀದಿಗೆಲ್ಲ ಕೇಳಿಸುತ್ತಿತ್ತು. ಆ ಅಕ್ಕನಿಗೂ ಒಂದು ಚಾಳಿಯಿತ್ತು. ಜಗಲಿಯ ಕುರ್ಚಿಯಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡು, ಬೆರಳಿಗಂಟಿದ ಸುಣ್ಣವನ್ನು ಕುರ್ಚಿಯ ಮರದ ಕೈಗೆ ಒರೆಸುವುದು. "ಗೋಡೆ ಸಾಲ್ದಾ ನಿಂಗೆ?" ಎಂದು ಮೇಷ್ಟ್ರು ರೇಗುತ್ತಿದ್ದರು. ಎದುರು ಮನೆಯಲ್ಲಿ ಒಬ್ಬಳೇ ಇರುವ ನನಗೆ ಅವರ ಜಗಳವೇ ರೇಡಿಯೋ.

ಅಕ್ಕ ತೀರಿಕೊಂಡಾಗ, ಸತ್ತವರು ಬಳಸಿದ್ದು ಮನೆಯಲ್ಲಿರಬಾರದೆಂದು ನೆಂಟರು ತಿಥಿಯ ದಿನ ಸೀರೆಗಳ ಜೊತೆ ಆ ಕುರ್ಚಿಯನ್ನೂ ಯಾರಿಗೋ ಕೊಟ್ಟು ಕಳಿಸಿದರು. ಜಗಳ ನಿಂತುಹೋಯಿತು. ಬೀದಿ ಎಷ್ಟು ಬಿಕೋ ಎನ್ನುತ್ತಿತ್ತೆಂದರೆ, ನಾನು ಸುಮ್ಮಸುಮ್ಮನೆ ಪಾತ್ರೆ ಸದ್ದು ಮಾಡುತ್ತಿದ್ದೆ.

ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮೇಷ್ಟ್ರು ನನ್ನನ್ನು ಕರೆದರು. "ಬಾರವ್ವ, ಒಸಿ ನೋಡು. ನೆನಪಲ್ಲೇ ಬರ್ದಿವ್ನಿ."

ನೀರುಬಣ್ಣದಲ್ಲಿ ಅದೇ ಕುರ್ಚಿ. ಕೂರುವ ಜಾಗದಲ್ಲಿ ಜೋತುಬಿದ್ದ ಹಸಿರು ವೈರಿನ ಹೆಣಿಗೆ, ಕುಂಟುಗಾಲಿನ ಕೆಳಗೆ ಮಡಿಸಿಟ್ಟ ರಟ್ಟು, ನೆಲದ ಮೇಲೆ ತೆಳ್ಳಗೆ ಹರಡಿದ ನೆರಳು. ಅಕ್ಕ ಈಗಷ್ಟೇ ಎದ್ದು ಒಳಗೆ ಹೋದಂತಿತ್ತು. ಆದರೂ ಏನೋ ಕಡಿಮೆ.

"ಸುಣ್ಣ ಎಲ್ಲಿ ಮೇಷ್ಟ್ರೇ?"

ಅವರು ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದರು. ಕುರ್ಚಿಯ ಕೈಗೆ ಪೂರ್ತಿ ಕಂದು ಬಣ್ಣ ತುಂಬಿಬಿಟ್ಟಿದ್ದರು. ಮೇಲೆ ಒಂದಿಷ್ಟು ಬಿಳಿ ಹಚ್ಚಿಬಿಡಿ ಎಂದೆ.

"ಇದ್ರಲ್ಲಿ ಬಿಳಿ ಹಚ್ಚಂಗಿಲ್ಲ ಕಣವ್ವ. ಕಾಗದಾನೇ ಬಿಳಿ. ಮೊದ್ಲೇ ಜಾಗ ಬುಟ್ಕಂಡಿರ್ಬೇಕು. ಮಕ್ಳಿಗೆಲ್ಲ ಹೇಳ್ಕೊಟ್ಟೋನು, ನಾನೇ ಮರ್ತ್ಬುಟ್ನಲ್ಲ" ಎಂದು ಅತ್ತೇಬಿಟ್ಟರು. ದಿನಾ ಬೈದದ್ದನ್ನೇ ಮರೆತಿದ್ದರು.

ಮತ್ತೆ ಬರೆದರು. ಈ ಸಲ ಎಲ್ಲಕ್ಕಿಂತ ಮೊದಲು ಪೆನ್ಸಿಲ್ಲಿನಿಂದ ಸುಣ್ಣದ ಜಾಗ ಗುರುತು ಮಾಡಿಕೊಂಡರು, ಆಮೇಲೆ ಕುರ್ಚಿ. ಮುಗಿಸಿ ನನ್ನ ಕೈಗೇ ಕೊಟ್ಟರು. "ನಿನ್ ಹತ್ರ ಇರ್ಲಿ. ಬ್ಯಾರೆಯೋರು ನೋಡಿದ್ರೆ ಇಲ್ಲಿ ಬಣ್ಣ ಬುಟ್ಟೋಗೈತೆ ಅಂತಾರೆ."

ಹೋದ ವರ್ಷ ಮೇಷ್ಟ್ರೂ ಹೋದರು. ಮುಖ ಒರೆಸುತ್ತಿದ್ದ ಅವರ ತಂಗಿ, ತುಟಿಯ ಮೂಲೆಯ ಬಣ್ಣವನ್ನು ಒದ್ದೆ ಬಟ್ಟೆಯಿಂದ ತಿಕ್ಕತೊಡಗಿದರು. "ಅದೊಂದು ಇರ್ಲಿ, ಒರೆಸ್ಬ್ಯಾಡಿ" ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ಕೈ ತೆಗೆದರು.

ಚಿತ್ರ ನನ್ನ ನಡುಮನೆಯಲ್ಲಿದೆ. ಸಂಜೆ ಅದರೆದುರು ಕೂತಾಗ ನನ್ನ ಕುರ್ಚಿಯ ಕೈಯನ್ನೂ ತಡವಿ ನೋಡುತ್ತೇನೆ. ಇದರಲ್ಲಿ ನನ್ನ ಯಾವ ಗುರುತಿದೆಯೆಂದು ಹೇಳಬಲ್ಲವರು ಎದುರು ಮನೆಯಲ್ಲಿ ಈಗ ಯಾರೂ ಇಲ್ಲ.