ಮಂಚದಡಿಯ ದೋಣಿ

ಆ ವರ್ಷದ ಹಿಂಗಾರು ಮಳೆಯಲ್ಲಿ ನನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮನೆಯಿಂದ ಹೊರಕ್ಕೆ ಹೊತ್ತು ತಂದರು. ಹೊತ್ತವರು ನಮ್ಮ ಬೀದಿಯ ಇಬ್ಬರು ಗಂಡಸರು. ನೀರು ಅವರ ಸೊಂಟಕ್ಕೆ ಬರುತ್ತಿತ್ತು. ರಸ್ತೆ ಎಲ್ಲಿ ಮುಗಿದು ಚರಂಡಿ ಎಲ್ಲಿ ಶುರುವಾಗುತ್ತದೆ ಎಂಬುದೇ ಕಾಣುತ್ತಿರಲಿಲ್ಲ. ಮುಂದಿದ್ದವರ ಕಾಲು ಚರಂಡಿಗೆ ಇಳಿಯಿತು, ಕುರ್ಚಿ ವಾಲಿತು, ನಾನು ನೀರೊಳಗೆ ಹೋದೆ. ಅವರು ನನ್ನ ಜಡೆ ಹಿಡಿದು ಮೇಲೆತ್ತುವವರೆಗೆ ಒಳಗೇ ಇದ್ದೆ. ಕಾಲು ನೆಲಕ್ಕೆ ತಾಗಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಸ್ಕೂಟರಿನಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾದಾಗಿನಿಂದ ನನಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ.

ನನ್ನ ಗಂಡ ಆಗ ಹೆಬ್ಬಾಳದ ಕಾರ್ಖಾನೆಯಲ್ಲಿ ಪಾಳಿಯಲ್ಲಿದ್ದರು. ಸುದ್ದಿ ತಿಳಿದು ಹೊರಟವರಿಗೆ ಬಸ್ಸು ಸಿಗದೆ ಅರ್ಧ ದಾರಿ ನಡೆದೇ ಬಂದರು. ಬಂದಾಗ ನಾನು ಮುಖ್ಯರಸ್ತೆಯ ಅಂಗಡಿಯೊಂದರ ಕಟ್ಟೆಯ ಮೇಲೆ ಯಾರದೋ ಬೆಡ್‌ಶೀಟ್ ಸುತ್ತಿಕೊಂಡು ಕೂತಿದ್ದೆ.

ಮನೆ ಬದಲಾಯಿಸಿ ಎಂದು ಎಲ್ಲರೂ ಹೇಳಿದರು. ನಮ್ಮ ಬಡಾವಣೆ ಕೆರೆಯ ತಗ್ಗಿನಲ್ಲಿದೆ, ಜೋರು ಮಳೆಗೆ ರಾಜಕಾಲುವೆ ಉಕ್ಕುತ್ತದೆ, ನಿಜ. ಆದರೆ ಗಾಲಿಕುರ್ಚಿ ಹೋಗುವ ಮನೆ ಬಾಡಿಗೆಗೆ ಸಿಗುವುದು ಸುಲಭವಲ್ಲ. ಈ ಮನೆಯ ಮಾಲೀಕರು ಬಚ್ಚಲಿನ ಬಾಗಿಲು ಒಡೆದು ಅಗಲ ಮಾಡಲು ಬಿಟ್ಟಿದ್ದರು, ಮೆಟ್ಟಿಲ ಜಾಗದಲ್ಲಿ ಇಳಿಜಾರು ಕಟ್ಟಿಸಲು ಒಪ್ಪಿದ್ದರು. ಅಶೋಕಪುರಂನಲ್ಲಿರುವ ನನ್ನ ನಾದಿನಿ ನಮ್ಮಲ್ಲಿಗೇ ಬಂದುಬಿಡಿ ಎಂದು ಕರೆದರು. ಅವರಿರುವುದು ಎರಡನೇ ಮಹಡಿ. ಅಲ್ಲಿಗೆ ಹೋದರೆ ನನ್ನನ್ನು ಯಾರಾದರೂ ಎತ್ತಿ ಇಳಿಸುವ ದಿನಕ್ಕಾಗಿ ಕಾಯುತ್ತಾ ಕೂರಬೇಕು. ಅದೂ ಅಲ್ಲದೆ ನಾನು ರವಿಕೆ ಹೊಲಿದುಕೊಡುವ ಹೆಂಗಸರೆಲ್ಲ ಈ ಬಡಾವಣೆಯವರೇ.

ಹಾಗಾಗಿ ಉಳಿದೆವು. ಉಳಿದ ಮೇಲೆ ನನಗೆ ಭಯ ಹಿಡಿಯಿತು. ಮೋಡ ಕವಿದರೆ, ಮೊಣಕೈಯಿಂದ ಒತ್ತಿ ನಡೆಸುವ ನನ್ನ ಮೋಟಾರಿನ ಹೊಲಿಗೆ ಮಿಷನ್ನಿನ ಮುಂದೆ ಕೂರಲಾಗುತ್ತಿರಲಿಲ್ಲ. ಗಾಲಿಕುರ್ಚಿಯನ್ನು ಕಿಟಕಿಯಿಂದ ಬಚ್ಚಲಿಗೆ, ಬಚ್ಚಲಿನಿಂದ ಕಿಟಕಿಗೆ ತಳ್ಳಿಕೊಂಡು ಓಡಾಡುತ್ತಿದ್ದೆ. ನೀರು ಮೊದಲು ಬರುವುದು ಬಾಗಿಲಿನಿಂದಲ್ಲ, ಬಚ್ಚಲಿನ ತೂತಿನಿಂದ. ಹೋದಸಲ ಅದನ್ನು ಕಂಡಿದ್ದೆ. ತೂತಿನ ಮೇಲೆ ಒಂದು ಗುಳ್ಳೆ ಎದ್ದರೂ ಅದು ಒಡೆಯುವವರೆಗೆ ನೋಡುತ್ತಾ ಅಲ್ಲೇ ಇರುತ್ತಿದ್ದೆ.

ಒಂದು ದಿನ ಫೋನಿನಲ್ಲಿ ಯಾರೋ ಚೀಲದಿಂದ ರಬ್ಬರ್ ದೋಣಿ ತೆಗೆದು, ಗಾಳಿ ತುಂಬಿ, ಕೆರೆಗೆ ಇಳಿದು, ಮತ್ತೆ ಮಡಚಿ ಚೀಲಕ್ಕೆ ಹಾಕಿಕೊಂಡು ಹೋಗುವುದನ್ನು ನೋಡಿದೆ. ಆ ಚೀಲ ನನ್ನ ಮಂಚದಡಿಗೆ ಹಿಡಿಸುವಂತಿತ್ತು. ಸಂಜೆ ಗಂಡನಿಗೆ ಹೇಳಿದೆ. ಮೊದಲು ನಕ್ಕರು. ನಾನು ನಗಲಿಲ್ಲವೆಂದು ಕಂಡಾಗ ತಟ್ಟೆಯಲ್ಲಿ ಕೈ ನಿಲ್ಲಿಸಿದರು.

“ಮನೇಲಿ ದೋಣಿ ಇಟ್ಕೊಳೋದು ಅಂದ್ರೆ, ನಾನು ಬರಲ್ಲ ಅಂತ ತೀರ್ಮಾನ ಮಾಡ್ಬುಟ್ಟಂಗಲ್ವಾ?” ಎಂದರು.

ಅವರಿಗೆ ನೋವಾಗಿದೆ ಎಂದು ಗೊತ್ತಾಯಿತು. “ನೀವು ಬಂದೇ ಬತ್ತೀರ ಕಣ್ರೀ,” ಎಂದೆ. “ನೀವು ಬರೋಗಂಟ ನಾನು ಉಳ್ಕೊಂಡಿರ್ಬೇಕಲ್ಲ.”

ಅವರು ಊಟ ಮುಗಿಸಿ ಎದ್ದರು. ಮಾರನೆಯ ದಿನ ಪಾಳಿ ಮುಗಿಸಿ ಬಂದವರೇ, ಎಂಥದು ನೋಡಿದ್ದೀಯ ತೋರಿಸು ಎಂದು ಪಕ್ಕದಲ್ಲಿ ಕೂತರು.

ನೋಡಿದಷ್ಟೂ ಗಾಬರಿ ಹೆಚ್ಚಿತು. ಅಗ್ಗದವು ಮಕ್ಕಳ ಆಟಿಕೆಯಂತೆ ತೆಳ್ಳಗೆ. ನಮ್ಮ ಬೀದಿಯ ನೀರಿನಲ್ಲಿ ಮುರಿದ ಹೆಂಚು, ತಂತಿ, ಗಾಜು ಎಲ್ಲ ಕೊಚ್ಚಿಕೊಂಡು ಬರುತ್ತದೆ. ಗಟ್ಟಿಯವು ನಮ್ಮ ಕೈಗೆ ನಿಲುಕುತ್ತಿರಲಿಲ್ಲ, ನಿಲುಕಿದರೂ ತಳಕ್ಕೆ ಮರದ ಹಲಗೆ ಜೋಡಿಸಬೇಕು, ಆ ಭಾರ ನಾನು ಎಳೆಯಲಾರೆ. ಕೊಟ್ಟಿದ್ದ ಅಳತೆಯನ್ನೂ ನಂಬುವಂತಿರಲಿಲ್ಲ. ಕೆಲವರು ಗಾಳಿ ಇಲ್ಲದ ಅಳತೆ ಬರೆದಿರುತ್ತಾರೆ, ಗಾಳಿ ತುಂಬಿದ ಮೇಲೆ ಅಗಲ ಬೇರೆಯಾಗುತ್ತದೆ. ನಮ್ಮ ಬಾಗಿಲಿನಲ್ಲಿ ಹಾಯದ ದೋಣಿ ಕಟ್ಟಿಕೊಂಡು ಏನು ಮಾಡಲಿ? ಹೊಲಿಗೆಯ ಟೇಪಿನಿಂದ ಬಾಗಿಲನ್ನು ಅಳೆದೆ. ಮರುದಿನ ನಂಬಿಕೆ ಸಾಲದೆ ಮತ್ತೆ ಅಳೆದೆ.

ಇನ್ನೊಂದು ತೊಡಕನ್ನು ಗಂಡ ಗಮನಿಸಿದರು. ನೋಡಿದ ದೋಣಿಗಳಲ್ಲಿ ಹೆಚ್ಚಿನವಕ್ಕೆ ಕೊಡುವುದು ಕಾಲಿನಿಂದ ತುಳಿಯುವ ಪಂಪು. ಅದನ್ನು ನಾನು ತುಳಿಯುವುದು ಹೇಗೆ?

ಕೊನೆಗೆ ಕಣ್ಣಾರೆ ನೋಡೋಣವೆಂದು ಲಕ್ಷ್ಮೀಪುರಂ ಕಡೆಯ ಆಟದ ಸಾಮಾನಿನ ಅಂಗಡಿಯೊಂದಕ್ಕೆ ಆಟೋದಲ್ಲಿ ಹೋದೆವು. ಅಂಗಡಿಯವರು ವಯಸ್ಸಾದವರು. ಮೊದಲು ತೋರಿಸಿದ್ದನ್ನು ತಾವೇ ಪಕ್ಕಕ್ಕಿಟ್ಟು, ಇದು ಈಜುಕೊಳದಲ್ಲಿ ಮಕ್ಕಳು ಆಡುವುದು, ನಿಮಗೆ ಬೇಡ ಎಂದರು. ಆಮೇಲೆ ಕೇಳಿದರು, “ದೋಣೀಲಿ ಎಲ್ಲಿಗೆ ಹೋಗ್ಬೇಕಮ್ಮ ನೀವು?”

“ಎದುರುಮನೆ ಮೆಟ್ಲುಗಂಟ,” ಎಂದೆ.

ಅವರು ನನ್ನ ಗಾಲಿಕುರ್ಚಿಯನ್ನು ನೋಡಿದರು. ಒಳಗಿನಿಂದ ಬೂದುಬಣ್ಣದ ಒಂದನ್ನು ತಂದರು. ಯಾರೋ ಮೀನು ಹಿಡಿಯಲೆಂದು ಹೇಳಿ ತರಿಸಿ, ಆಮೇಲೆ ಬೇಡವೆಂದು ಬಿಟ್ಟದ್ದಂತೆ. ಹಾಗಾಗಿ ಬೆಲೆಯಲ್ಲಿ ಇಳಿಸಿದರು. ಅಂಚಿಗೆ ಒಳಸುತ್ತು, ಹೊರಸುತ್ತು ಎಂದು ಎರಡು ಗಾಳಿಯ ಕೋಣೆ, ತಳಕ್ಕೆ ಬೇರೊಂದು. ಒಂದು ತೂತಾದರೂ ಉಳಿದವು ತೇಲಿಸುತ್ತವೆ. ತಳದಲ್ಲೂ ಗಾಳಿ ಇರುವುದರಿಂದ, ಅರಿವಿಲ್ಲದ ನನ್ನ ಕಾಲಿಗೆ ಗೀರು ಬೀಳುವ ಭಯ ಕಡಿಮೆ. ಕಾಲಿನ ಪಂಪಿಗೆ ಬದಲಾಗಿ ಕೈಪಂಪು ಹುಡುಕಿ ಕೊಟ್ಟರು. ಅಲ್ಲೇ ಅಂಗಡಿಯ ನೆಲದ ಮೇಲೆ ಅದನ್ನು ತುಂಬಿಸಿ, ನಾನು ಕುರ್ಚಿಯಿಂದ ಅದರೊಳಕ್ಕೆ ಇಳಿದು ಕೂತೆ. ಬಂದು ಹೋಗುವವರು ನಿಂತು ನೋಡುತ್ತಿದ್ದರು. ನಾಚಿಕೆಯಾಯಿತು, ಆದರೂ ಹೊರಗೆ ಬರಲು ಅವಸರಪಡಲಿಲ್ಲ. ಒಂದು ಲೈಫ್ ಜಾಕೆಟ್ಟನ್ನೂ ಕೊಂಡೆವು.

ಮನೆಗೆ ತಂದ ಮೇಲೆ ಹೊಸ ಚಿಂತೆ. ಹೊಲಿಗೆಯವಳ ಮನೆಯಲ್ಲಿ ಗುಂಡುಸೂಜಿ ಬೀಳದ ಜಾಗ ಎಲ್ಲಿದೆ? ಅಯಸ್ಕಾಂತಕ್ಕೆ ದಾರ ಕಟ್ಟಿ ಮಂಚದಡಿಯಲ್ಲಿ ದಿನಾ ಎಳೆದಾಡಿ ಆಮೇಲೆ ಚೀಲ ಇಡುತ್ತಿದ್ದೆ. ಮಡಚುವುದು ಮಾತ್ರ ನನಗೆ ಬೇಗ ಕೈಗೂಡಿತು. ಗಾಳಿಯನ್ನು ಪೂರ್ತಿ ಹಿಂಡಿ, ಎರಡು ಪಕ್ಕ ಒಳಕ್ಕೆ ಹಾಕಿ, ತುದಿಯಿಂದ ವಾಲ್ವಿನ ಕಡೆಗೆ ಸುತ್ತಿಕೊಂಡು ಬಂದರೆ ಚೀಲದ ಜಿಪ್ಪು ಕೂರುತ್ತಿತ್ತು.

ನೀರಿನಲ್ಲಿ ನೋಡದೆ ನಂಬುವುದು ಹೇಗೆ? ಗಂಡನ ಜೊತೆ ಕೆಲಸ ಮಾಡುವವರೊಬ್ಬರ ತೋಟದಲ್ಲಿ ಕೃಷಿಹೊಂಡವಿತ್ತು. ಒಂದು ಭಾನುವಾರ ಅಲ್ಲಿಗೆ ಹೋದೆವು. ಗಂಡನಿಗೂ ಈಜು ಬಾರದು. ದಡದ ಮರಕ್ಕೆ ಹಗ್ಗದ ಒಂದು ತುದಿ ಕಟ್ಟಿ, ನಡುಭಾಗವನ್ನು ತಾವು ಕೈಗೆ ಸುತ್ತಿಕೊಂಡರು. ದೋಣಿ ದಡ ಬಿಟ್ಟಾಗ ಎರಡೂ ಕೈಯಿಂದ ಅಂಚು ಹಿಡಿದುಕೊಂಡೆ. ಹುಟ್ಟು ಹಾಕಿದರೆ ಮುಂದೆ ಹೋಗದೆ ಸುಮ್ಮನೆ ಗಿರಗಿರ ತಿರುಗಿತು. ಪ್ರತಿ ಸುತ್ತಿಗೂ ಗಂಡನ ಮುಖ ಎದುರು ಬಂದು ಹೋಗುತ್ತಿತ್ತು. ಅದು ನನ್ನದಕ್ಕಿಂತ ಬಿಳಚಿಕೊಂಡಿತ್ತು. ಇದು ಹುಟ್ಟಿಗೆ ಹೋಗುವ ದೋಣಿಯಲ್ಲ, ಯಾರಾದರೂ ಹಗ್ಗ ಹಿಡಿದು ಎಳೆಯಬೇಕಾದದ್ದು ಎಂದು ಅಂದು ತಿಳಿಯಿತು. ಮನೆಗೆ ಬಂದು ಎದುರುಮನೆಯವಳಿಗೆ ಎಲ್ಲವನ್ನೂ ಹೇಳಿದೆ. ಅವಳು ನನಗಿಂತ ಚಿಕ್ಕವಳು. ಅವಳ ಮನೆಗೆ ಹೊರಗಿನಿಂದ ತಾರಸಿಗೆ ಮೆಟ್ಟಿಲಿದೆ. ಕರೆದರೆ ಬರುತ್ತೇನೆ ಎಂದಳು.

ಮಳೆ ಬಂದದ್ದು ಒಂದು ಮಧ್ಯಾಹ್ನ. ಗಂಡ ಪಾಳಿಗೆ ಹೋಗಿಯಾಗಿತ್ತು. ಕರೆಂಟು ಹೋಯಿತು. ಬಚ್ಚಲಿನ ತೂತು ಗುಡುಗುಡು ಎಂದಿತು, ಕಪ್ಪು ನೀರು ಉಬ್ಬಿ ಬಂತು.  ಗಂಡನಿಗೆ ಫೋನು ಮಾಡಿದೆ, ಎದುರುಮನೆಯವಳನ್ನು ಕರೆದೆ. ಜಾಕೆಟ್ಟು ಹಾಕಿಕೊಂಡು, ನಡುಮನೆಯಲ್ಲಿ ದೋಣಿ ಬಿಡಿಸಿ ಪಂಪು ಒತ್ತತೊಡಗಿದೆ. ತಳ ತುಂಬಿತು, ಒಳಗಿನ ಕೋಣೆ ತುಂಬಿತು. ಹೊರಗಿನದು ತುಂಬುವಾಗ ನೀರು ಗಾಲಿಕುರ್ಚಿಯ ಚಕ್ರಕ್ಕೆ ಬಂದಿತ್ತು. ದೋಣಿಗೆ ಇಳಿದೆ. ಗಿರಾಕಿಗಳ ಬಟ್ಟೆಯ ಗಂಟನ್ನು ಮೊದಲೇ ಕಪಾಟಿನ ಮೇಲಿಟ್ಟಿದ್ದೆ, ಅದನ್ನೇ ನೋಡುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ನೆಲ ನನ್ನನ್ನು ಬಿಟ್ಟುಕೊಟ್ಟಿತು. ನನ್ನದೇ ನಡುಮನೆಯಲ್ಲಿ ನಾನು ತೇಲುತ್ತಿದ್ದೆ.

ಎದುರುಮನೆಯವಳು ಕಾಂಪೌಂಡಿನ ಗೋಡೆ ಹಿಡಿದುಕೊಂಡು, ಕೋಲಿನಿಂದ ನೆಲ ಮುಟ್ಟಿ ನೋಡುತ್ತಾ ಬಂದಳು. ಹಗ್ಗ ಎಳೆದಳು. ಬಾಗಿಲನ್ನು ಸಲೀಸಾಗಿ ದಾಟಿದೆವು. ಗೇಟಿನಲ್ಲಿ ನಿಂತೆವು. ಗೇಟಿಗೆ ಎರಡು ರೆಕ್ಕೆ, ನಾವು ದಿನಾ ತೆಗೆಯುವುದು ಒಂದೇ. ಇನ್ನೊಂದರ ಕೆಳಚಿಲಕವನ್ನು ಅವಳು ನೀರೊಳಗೆ ಕೈ ಹಾಕಿ ತಡಕಿದಳು.

“ಮಣ್ಣಲ್ಲಿ ಕಚ್ಕೊಂಡದೆ ಕಣಕ್ಕ, ಎತ್ತಕ್ಕಾಗ್ತಿಲ್ಲ,” ಎಂದಳು. ಅವಳ ದನಿ ಅಳುವಂತಿತ್ತು.

ಬಾಗಿಲನ್ನು ಎರಡು ಸಲ ಅಳೆದವಳು ಗೇಟನ್ನು ಅಳೆದಿರಲಿಲ್ಲ. ದೋಣಿಯ ಮೂಗು ತೂರಿತು, ನಡು ತೂರಲಿಲ್ಲ. ನೀರು ಹಿಂದಿನಿಂದ ನೂಕುತ್ತಿತ್ತು. ಅವಳು ಎಳೆದಷ್ಟೂ ರಬ್ಬರು ಕಬ್ಬಿಣಕ್ಕೆ ಉಜ್ಜಿ ಕಿರುಗುಟ್ಟಿತು. ಎಳೆಯಬೇಡ ಎಂದೆ. ಹೊರಗಿನ ಕೋಣೆಯ ವಾಲ್ವ್ ನನ್ನ ಮೊಣಕೈ ಹತ್ತಿರವಿತ್ತು. ಅದನ್ನು ಬಿಚ್ಚಿದರೆ ಅಗಲ ಕಡಿಮೆಯಾಗುತ್ತದೆ. ಒಳಗಿನ ಕೋಣೆ ತಡೆಯಬೇಕು, ತಡೆಯದಿದ್ದರೆ? ನೀರಿನ ಮೇಲೆ ಕೂತು ದೋಣಿಯ ಗಾಳಿ ಬಿಡುವುದಕ್ಕೆ ಕೈ ಬರಲಿಲ್ಲ. ಕಣ್ಣು ಮುಚ್ಚಿಕೊಂಡು ಬಿಚ್ಚಿದೆ. ಬುಸ್ಸೆಂದು ಗಾಳಿ ಹೋಯಿತು, ಅಂಚು ಮೆತ್ತಗಾಗಿ ಬಾಗಿತು, ತಣ್ಣನೆಯ ನೀರು ನನ್ನ ಬೆನ್ನಿಗೆ ಹತ್ತಿತು. ವಾಲ್ವ್ ಮುಚ್ಚಿ “ಈಗ ಎಳಿ” ಎಂದೆ. ಎರಡೂ ಕೈಯಲ್ಲಿ ಗೇಟಿನ ಸರಳು ಹಿಡಿದು ನನ್ನನ್ನು ನಾನೇ ಮುಂದಕ್ಕೆ ನೂಕಿಕೊಂಡೆ. ದೋಣಿ ಹಿಸುಕಿಕೊಂಡು ಆಚೆ ಬಂತು. ರಸ್ತೆಯಲ್ಲಿ ಅವಳು ಹಗ್ಗ ಬಿಗಿ ಹಿಡಿದು ನಿಂತಳು, ನಾನು ಮಡಿಲಲ್ಲಿ ಪಂಪು ಇಟ್ಟುಕೊಂಡು ಮತ್ತೆ ಗಾಳಿ ತುಂಬಿದೆ.

ಅವಳ ಮೆಟ್ಟಿಲಿನ ಕಂಬಿಗೆ ದೋಣಿ ಕಟ್ಟಿದಳು. ನನ್ನನ್ನು ಮೇಲೆತ್ತಲು ಅವಳೊಬ್ಬಳಿಂದ ಆಗುವಂತಿರಲಿಲ್ಲ. ನಾನು ದೋಣಿಯಲ್ಲೇ ಕೂತೆ, ಅವಳು ಮೆಟ್ಟಿಲ ಮೇಲೆ ಕೂತು ನನ್ನ ಕೈ ಹಿಡಿದುಕೊಂಡಳು.  ಗಂಡ ಬಂದಾಗ ಬೆಳಕು ಇನ್ನೂ ಇತ್ತು. ಎದೆಮಟ್ಟದ ನೀರು ಸೀಳಿಕೊಂಡು ಬಂದವರು ಮೊದಲು ನಮ್ಮ ಮನೆಯ ಕಡೆಗೇ ತಿರುಗಿದರು, ಕೂಗಿ ಕರೆಯಬೇಕಾಯಿತು. ಬಂದು ದೋಣಿಯ ಅಂಚು ಹಿಡಿದು ನಿಂತರು. ಉಸಿರು ಸುಧಾರಿಸಿಕೊಂಡ ಮೇಲೆ, “ಇದೀಯಲ್ಲ,” ಎಂದರು. ಅಷ್ಟೇ.

ಮನೆಯೊಳಗಿನ ಕೆಸರು ತೆಗೆಯಲು ಬಹಳ ದಿನ ಹಿಡಿಯಿತು. ಹೊಲಿಗೆ ಮಿಷನ್ನಿನ ಮೋಟಾರು ಹೋಯಿತು, ಬಟ್ಟೆ ಉಳಿಯಿತು. ಭಯ ಹೋಯಿತು ಎಂದು ಹೇಳಲಾರೆ. ಈಗಲೂ ಮೋಡ ಕಂಡರೆ ಬಚ್ಚಲಿಗೆ ಹೋಗಿ ನೋಡಿ ಬರುತ್ತೇನೆ. ಎತ್ತರದ ಜಾಗದಲ್ಲಿ ಮನೆ ಹುಡುಕುತ್ತಿದ್ದೇವೆ, ಬಚ್ಚಲಿನ ಬಾಗಿಲು ಅಗಲವಿರುವುದು ಇನ್ನೂ ಸಿಕ್ಕಿಲ್ಲ. ಗೇಟಿನ ಎರಡನೇ ರೆಕ್ಕೆಯ ಚಿಲಕವನ್ನು ಗಂಡ ಕಿತ್ತುಹಾಕಿ, ಮೇಲ್ಗಡೆ ಕೊಂಡಿ ಹಾಕಿಸಿದ್ದಾರೆ. ದೋಣಿಯನ್ನು ತೊಳೆದು ತಾರಸಿಯಲ್ಲಿ ಒಣಗಿಸಿ ತಂದ ದಿನ, ಮಡಚುವುದು ನನಗೂ ಹೇಳಿಕೊಡು ಎಂದು ನೆಲದ ಮೇಲೆ ಕೂತರು. ವಾಲ್ವಿನ ಕಡೆಯಿಂದ ಸುತ್ತಿಕೊಂಡು ಹೋದರು, ಗಾಳಿ ಒಳಗೇ ಸಿಕ್ಕಿಕೊಂಡು ಚೀಲಕ್ಕೆ ಹಿಡಿಯಲಿಲ್ಲ. ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತಿದರು.