ತೆಳ್ಳಗಿನ ಲ್ಯಾಪ್‌ಟಾಪ್ ಮತ್ತು ಅಕ್ಕನ ಹತ್ತು ಬೆರಳು

ಮಕ್ಕಳು ಅವಳಿಗೆ ಇಟ್ಟ ಹೆಸರಿಗೆ ಸದ್ದಿಲ್ಲ. ತೋರುಬೆರಳನ್ನೂ ನಡುಬೆರಳನ್ನೂ ಕತ್ತರಿಯ ಹಾಗೆ ಎರಡು ಸಲ ಆಡಿಸಿದರೆ ಅವಳೇ ಅಂತ ಅರ್ಥ. ಶಾಲೆಯ ಆಫೀಸಿನವರು ಅದನ್ನೇ ಬಾಯಿಗೆ ತಂದುಕೊಂಡು ‘ಕತ್ತರಿ ಮೇಡಂ’ ಅಂದರು. ತಪ್ಪೇನಿಲ್ಲ. ಹತ್ತೊಂಬತ್ತು ವರ್ಷ ಒಂದು ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ ಕೂತು ಊರವರ ಮದುವೆ ವೀಡಿಯೊಗಳನ್ನು ಎಡಿಟ್ ಮಾಡಿದವಳು ಅವಳು. ಬೀಗರ ಸಿಡುಕು, ಭಾವನ ಆಕಳಿಕೆ, ಊಟದ ಸಾಲಿನ ನೂಕಾಟ ಎಲ್ಲವನ್ನೂ ಕತ್ತರಿಸಿ ಎಸೆದು, ಎಂಥೆಂಥ ಸಂಸಾರಗಳನ್ನೋ ಮೂರು ಗಂಟೆಯ ಮಟ್ಟಿಗಾದರೂ ಸುಖವಾಗಿಟ್ಟವಳು.

ಈಗ ಪಾಠಗಳ ವೀಡಿಯೊ ಮಾಡುವ ಅವಳ ಕೆಲಸ ಕಿವುಡ ಮಕ್ಕಳ ಶಾಲೆಯಲ್ಲಿ, ಹಿಂದೆ ಮುರಿದ ಬೆಂಚು ತುಂಬಿಡುತ್ತಿದ್ದ ಕೋಣೆಯಲ್ಲಿ. ಕ್ಯಾಮೆರಾದ ಎದುರು ನಿಲ್ಲುವವಳು ಒಡಹುಟ್ಟಿದ ಅಕ್ಕ. ಅಕ್ಕನಿಗೆ ಹುಟ್ಟಿದಾಗಿನಿಂದ ಕಿವಿ ಕೇಳದು. ಇಪ್ಪತ್ತೆಂಟು ವರ್ಷದಿಂದ ಅಲ್ಲೇ ಸನ್ನೆ ಭಾಷೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಾಳೆ. ರಕ್ತ ಹೃದಯದಿಂದ ಹೊರಟು ಮೈಯೆಲ್ಲ ಸುತ್ತಿ ಬರುವುದನ್ನು ಅವಳು ಕೈಯಲ್ಲಿ ಹೇಳತೊಡಗಿದರೆ ಹಿಂದಿನ ಬೆಂಚಿನ ತರಲೆಗಳೂ ತಮ್ಮ ನಾಡಿ ಹಿಡಿದು ನೋಡಿಕೊಳ್ಳುತ್ತವೆ. ಈ ವರ್ಷ ಅವಳ ನಿವೃತ್ತಿ. ಅವಳ ಜಾಗಕ್ಕೆ ಸನ್ನೆ ಬಲ್ಲ ಟೀಚರ್ ಸಿಕ್ಕಿಲ್ಲ, ಹುಡುಕಿದವರೂ ಇಲ್ಲ. ಅದರ ಮೇಲೆ ಬೆರಳಿನ ಗಂಟುಗಳಿಗೆ ವಾತ. ಹತ್ತು ನಿಮಿಷ ಪಾಠ ಹೇಳಿದರೆ ಅರ್ಧ ಗಂಟೆ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂರಬೇಕು. ಅಕ್ಕ ಶಾಲೆ ಬಿಡುವುದರೊಳಗೆ ಹನ್ನೆರಡು ಪಾಠಗಳನ್ನು ವೀಡಿಯೊದಲ್ಲಿ ಉಳಿಸಿಕೊಳ್ಳಬೇಕು. ಇಲ್ಲದಿದ್ದರೆ ಮುಂದೆ ಬರುವ ಮಕ್ಕಳಿಗೆ ವಿಜ್ಞಾನವೇ ಇಲ್ಲ. ಇಷ್ಟೇ ವಿಷಯ.

ಎಂಟು ಪಾಠ ಮುಗಿಸಿ ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಿಟ್ಟಾಗ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ಆಡಳಿತ ಸಮಿತಿ ಹೊಸ ಲ್ಯಾಪ್‌ಟಾಪ್ ಕೊಡಿಸಲು ಒಪ್ಪಿತು. ತಂಗಿ ಬೇಕಾದುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಅಕ್ಕನ ಜೊತೆ ಸಭೆಗೆ ಹೋದಳು.

“ಏನಮ್ಮಾ ಇದು, ಮದುವೆ ಸಾಮಾನಿನ ಪಟ್ಟಿ ಥರ ಇದೆ?” ಎಂದರು ಕಾರ್ಯದರ್ಶಿ.

“ಸರ್, ಬೇರೆಯವರ ವೀಡಿಯೊದಲ್ಲಿ ಮುಖ ಮಸುಕಾದ್ರೂ ಮಾತು ಕೇಳುತ್ತೆ. ನಮ್ಮಲ್ಲಿ ಬೆರಳೇ ಮಾತು. ಎರಡು ಕ್ಯಾಮೆರಾ, ಸೆಕೆಂಡಿಗೆ ಐವತ್ತು ಚಿತ್ರ. ಎರಡನ್ನೂ ಒಟ್ಟಿಗೆ ಓಡಿಸ್ಕೊಂಡು ಕತ್ತರಿಸ್ಬೇಕು. ಅದಕ್ಕೆ ಗಟ್ಟಿ ಪ್ರೊಸೆಸರ್ ಬೇಕು, ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕು, ಮೂವತ್ತೆರಡು ಜಿಬಿ ಮೆಮೊರಿ ಬೇಕು, ಫೈಲ್ ಇಡೋಕೆ ಜಾಗ ಬೇಕು. ಅಂಥದ್ದು ಸ್ವಲ್ಪ ದಪ್ಪ ಇರುತ್ತೆ, ಫ್ಯಾನ್ ಸದ್ದು ಮಾಡುತ್ತೆ.”

“ಸದ್ದು ಮಾಡಿದ್ರೆ ಈ ಶಾಲೇಲಿ ಯಾರಿಗ್ರೀ ತೊಂದ್ರೆ?” ಎಂದರು ಅಧ್ಯಕ್ಷರು.

ಮೇಜಿನ ಸುತ್ತ ಕೂತಿದ್ದ ಆರೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ತಂಗಿಯ ಮೊಣಕೈ ತಟ್ಟಿ, ಯಾಕೆ ನಗ್ತಿದ್ದಾರೆ ಎಂದು ಸನ್ನೆಯಲ್ಲಿ ಕೇಳಿದಳು. ಏನಿಲ್ಲ, ಸುಮ್ನೆ ಎಂದಳು ತಂಗಿ. ಅಕ್ಕನಿಗೆ ತಲುಪಬೇಕಾದ ಮಾತಿಗೆ ಅವಳು ಕತ್ತರಿ ಹಾಕಿದ್ದು ಅದೇ ಮೊದಲು. ಆ ನಾಚಿಕೆ ಅವಳ ಎದೆಯಲ್ಲಿ ಕೆಂಡದ ಹಾಗೆ ಕೂತುಬಿಟ್ಟಿತು.

ಅಂಗಡಿಗೆ ಕಾರ್ಯದರ್ಶಿಯೂ ಹೊರಟರು. ಮಾರುವವನು ಇಡೀ ಹೊತ್ತು ಅವರ ಮುಖ ನೋಡಿಕೊಂಡೇ ಮಾತಾಡಿದ, ಕೆಲಸ ಮಾಡುವವಳು ಪಕ್ಕದ ಗೋಡೆಯೇನೋ ಎಂಬಂತೆ. ಬೆಳ್ಳಿ ಬಣ್ಣದ ತೆಳ್ಳಗಿನ ಲ್ಯಾಪ್‌ಟಾಪೊಂದನ್ನು ಬಿಚ್ಚಿ, ನೀಲಿ ಸಮುದ್ರದಲ್ಲಿ ಮೀನು ಈಜುವ ವೀಡಿಯೊ ಹಾಕಿದ.

“ಸಾರ್, ಎಷ್ಟು ಸ್ಮೂತ್ ಇದೆ ನೋಡಿ. ಬೆಣ್ಣೆ!”

“ತೋರಿಸೋದು ಬೇರೆ, ಕತ್ತರಿಸೋದು ಬೇರೆ” ಎಂದಳು ಅವಳು. “ಮೀನು ಟೀವಿಯಲ್ಲೂ ಈಜುತ್ತೆ. ನನ್ನ ಪೆನ್‌ಡ್ರೈವ್ ಹಾಕಿ, ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಎರಡು ಫೈಲ್ ಒಟ್ಟಿಗೆ ಓಡಿಸಿ ತೋರಿಸಿ.”

“ಅದೆಲ್ಲ ಇಲ್ಲಿ ಹಾಕಲ್ಲ ಮೇಡಂ. ಸಾರ್, ಎತ್ತಿ ನೋಡಿ, ನೋಟ್‌ಬುಕ್ ಥರ ಇದೆ.”

ಕಾರ್ಯದರ್ಶಿ ಒಂದೇ ಕೈಯಲ್ಲಿ ಎತ್ತಿದರು. ಪಕ್ಕದಲ್ಲಿ ಅವಳು ಆರಿಸಿದ್ದ ಕಪ್ಪು, ದಪ್ಪ ಲ್ಯಾಪ್‌ಟಾಪನ್ನು ಎತ್ತಿ ಮುಖ ಕಿವುಚಿದರು. “ಇಟ್ಟಿಗೆ ಇದ್ದ ಹಾಗಿದೆ. ಅಧ್ಯಕ್ಷರು ಇದನ್ನ ಹಿಡ್ಕೊಂಡು ಫೋಟೋಗೆ ನಿಂತ್ರೆ ಚೆನ್ನಾಗಿರುತ್ತೇನ್ರೀ?”

ಎರಡಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ. ಆದರೂ ಫೋಟೋಗೆ ಒಪ್ಪುವುದೇ ಗೆದ್ದಿತು. ನಮ್ಮಲ್ಲಿ ಕೆಲಸದ ಸಾಮಾನು ಆರಿಸುವುದು ಹೀಗೇ. ಹೊಲಿಗೆ ಯಂತ್ರವನ್ನು ಹೊಲಿಯದವರು, ಒಲೆಯನ್ನು ಅಡುಗೆಮನೆಗೆ ಕಾಲಿಡದವರು, ಗಾಲಿಕುರ್ಚಿಯನ್ನು ಮೆಟ್ಟಿಲ ಮೇಲೆ ಓಡಾಡುವವರು ಆರಿಸುತ್ತಾರೆ. ಆಮೇಲೆ ಉಪಕಾರ ಮಾಡಿದೆವು ಎಂದು ಹಾರ ಹಾಕಿಸಿಕೊಳ್ಳುತ್ತಾರೆ.

ಉಳಿದ ನಾಲ್ಕು ಪಾಠಗಳ ಚಿತ್ರೀಕರಣ ನಡೆಯಿತು. ತೆಳ್ಳಗಿನ ಲ್ಯಾಪ್‌ಟಾಪ್ ಎರಡು ಫೈಲು ತೆರೆದ ಕೂಡಲೇ ಕಾದ ಹೆಂಚಾಗುತ್ತಿತ್ತು. ಅಕ್ಕನ ಕೈ ‘ಶ್ವಾಸಕೋಶ’ ಎನ್ನಲು ಎದೆಯ ಹತ್ತಿರ ಬಂದು ಗಾಳಿಯಲ್ಲೇ ನಿಂತುಬಿಡುತ್ತಿತ್ತು. ತಂಗಿ ಅದರ ಕೆಳಗೆ ಎರಡು ಡಸ್ಟರ್ ಇಟ್ಟು, ಟೇಬಲ್ ಫ್ಯಾನ್ ತಿರುಗಿಸಿ ಕೆಲಸ ಎಳೆದಳು. ಫೈಲುಗಳ ಇನ್ನೊಂದು ಪ್ರತಿಯನ್ನು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಇಡೋಣವೆಂದರೆ ಅದರ ವೈರು ಸಿಕ್ಕಿಸಲು ಆ ಬೆಳ್ಳಿ ಲ್ಯಾಪ್‌ಟಾಪಿಗೆ ಕಿಂಡಿಯೇ ಇಲ್ಲ. ಬೆರಳುದ್ದದ ಒಂದು ಕನೆಕ್ಟರ್ ಬೇಕು ಎಂದು ಅರ್ಜಿ ಕೊಟ್ಟಳು. ಅರ್ಜಿ ಮೂರು ವಾರ ಕಾರ್ಯದರ್ಶಿಯ ಟ್ರೇನಲ್ಲಿ ಮಲಗಿತು.

ಮೂರನೆಯ ವಾರ ಅಕ್ಕನ ಕೈ ತೋರಿಸಲು ಆಸ್ಪತ್ರೆಗೆಂದು ಇಬ್ಬರೂ ಎರಡು ದಿನ ರಜೆ ಹಾಕಿದರು. ವಾಪಸ್ ಬಂದು ನೋಡಿದರೆ ನಾಲ್ಕೂ ಪಾಠದ ಫೈಲುಗಳು ಸೊರಗಿ ಕಡ್ಡಿಯಾಗಿದ್ದವು.

“ಜಾಗ ಇಲ್ಲ ಜಾಗ ಇಲ್ಲ ಅಂತ ಬರ್ತಿತ್ತು” ಎಂದರು ಕಾರ್ಯದರ್ಶಿ, ಉಪಕಾರ ಮಾಡಿದವರ ದನಿಯಲ್ಲಿ. “ಅಧ್ಯಕ್ಷರ ಭಾಷಣ ಹಾಕ್ಬೇಕಿತ್ತು. ಒಂದು ಆ್ಯಪ್ ಇದೆ, ದೊಡ್ಡ ಫೈಲ್‌ನ ಚಿಕ್ಕದು ಮಾಡುತ್ತೆ. ನಾನೇ ಮಾಡಿಕೊಟ್ಟೆ. ನೋಡಿ, ಈಗ ಎಷ್ಟು ಸಲೀಸಾಗಿ ಓಡುತ್ತೆ!”

“ದೊಡ್ಡದು ಎಲ್ಲಿದೆ ಸರ್?”

“ಅಳಿಸ್ದೆ. ಎರಡೆರಡು ಯಾಕೆ?”

“ಕ್ಯಾಮೆರಾ ಕಾರ್ಡು?”

“ಭಾಷಣ ಅದ್ರಲ್ಲೇ ತಾನೇ ರೆಕಾರ್ಡ್ ಮಾಡಿದ್ದು.”

ಅವಳು ಕಾರ್ಡು ಕಿತ್ತುಕೊಂಡಳು. ಕಾರ್ಡಿನಿಂದಲಾದರೂ ಹಳೆಯದನ್ನು ತೆಗೆಯಬಹುದೇ ಎಂದು ರಿಪೇರಿಯವನ ಹತ್ತಿರ ಓಡಿದಳು. ಅದರ ಮೇಲೆಯೇ ಹೊಸದು ಕೂತಿದೆ, ಆಗದು ಎಂದು ಆತ ಕೈಚೆಲ್ಲಿದ.

ಪೋಷಕರ ಸಭೆಯಲ್ಲಿ ಹೊಸ ಪಾಠವೊಂದನ್ನು ತೋರಿಸಲೇಬೇಕೆಂದು ಅಧ್ಯಕ್ಷರ ಅಪ್ಪಣೆಯಾಯಿತು. “ಬೇಡ ಸರ್, ಹಾಳಾಗಿದೆ” ಎಂದಳು. “ಸ್ವಲ್ಪ ಮಸುಕಾದ್ರೆ ಏನಾಯ್ತು, ಮಕ್ಕಳು ಊಹೆ ಮಾಡ್ಕೋತಾರೆ ಬಿಡಿ” ಎಂದರು.

ಸಭೆಯಲ್ಲಿ ಮೊದಲು ಅವರ ಭಾಷಣದ ವೀಡಿಯೊ. ಕನ್ನಡಕದ ಅಂಚಿನ ಗೀರೂ ಎಣಿಸುವಷ್ಟು ಸ್ಪಷ್ಟ. ಆಮೇಲೆ ಅಕ್ಕನ ಪಾಠ. ಪರದೆಯ ಮೇಲೆ ಅಕ್ಕ ಬಂದಳು, ಮಣಿಕಟ್ಟಿನಿಂದಾಚೆ ಬೆರಳುಗಳ ಬದಲು ಎರಡು ಮಬ್ಬು ಮುದ್ದೆಗಳು. ಮಕ್ಕಳು ಕಣ್ಣು ಕಿರಿದು ಮಾಡಿದರು. ಎರಡು ಜಡೆಯ ಚಿಕ್ಕ ಹುಡುಗಿಯೊಬ್ಬಳು ಎದ್ದು ಹೋಗಿ, ಕೈವಸ್ತ್ರ ತೆಗೆದು, ಅಕ್ಕನ ಕೈಗಳಿದ್ದ ಜಾಗದಲ್ಲಿ ಪರದೆಯನ್ನು ಒರೆಸಿದಳು. ಬಟ್ಟೆ ನೋಡಿಕೊಂಡಳು. ಕೊಳೆ ಬಂದಿರಲಿಲ್ಲ. ಮತ್ತೆ ಒರೆಸಿದಳು.

ಸಭೆಯಲ್ಲಿದ್ದ ಯಾವ ತಾಯಿಗೂ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಕ್ಕ ಎದ್ದು ವೇದಿಕೆ ಹತ್ತಿ ಅಧ್ಯಕ್ಷರ ಎದುರಿಗೇ ನಿಂತು ಕೈಯಾಡಿಸತೊಡಗಿದಳು. ನೋವಿಗೆ ಮುಖ ಹಿಂಡಿಕೊಂಡರೂ ನಿಲ್ಲಿಸಲಿಲ್ಲ.

“ಏನಂತೆ?” ಎಂದರು ಅಧ್ಯಕ್ಷರು, ಹಲ್ಲು ಕಿರಿಯುತ್ತ.

ತಂಗಿ ಮೈಕ್ ತೆಗೆದುಕೊಂಡಳು. ಈ ಸಲ ಒಂದಕ್ಷರಕ್ಕೂ ಕತ್ತರಿ ಹಾಕಲಿಲ್ಲ.

“ಅಕ್ಕ ಕೇಳ್ತಿದ್ದಾಳೆ, ನಿಮ್ಮ ಭಾಷಣದಲ್ಲಿ ಎರಡು ಪದಕ್ಕೊಂದು ಪದ ನುಂಗಿಹೋಗಿದ್ರೆ ಹೀಗೇ ತೋರಿಸ್ತಿದ್ರಾ? ಇದು ನನ್ನ ಬಾಯಿ. ನನ್ನ ಬಾಯಿ ಒರೆಸಿ ಹಾಕಿ, ಮಕ್ಕಳಿಗೆ ಊಹೆ ಮಾಡ್ಕೊಳ್ಳಿ ಅಂತೀರಲ್ಲ, ನಿಮ್ಮ ಮಕ್ಕಳ ಪಾಠಾನೂ ಊಹೇಲೇ ನಡೆಯುತ್ತಾ? ಇಷ್ಟು ಅಕ್ಕ ಹೇಳಿದ್ದು. ಇನ್ನು ನಾನು ಹೇಳ್ತೀನಿ. ಅವತ್ತು ಸದ್ದು ಮಾಡಿದ್ರೆ ಯಾರಿಗೆ ತೊಂದ್ರೆ ಅಂದ್ರಲ್ಲ ಸರ್, ಅದನ್ನ ನಾನು ಅಕ್ಕನಿಂದ ಮುಚ್ಚಿಟ್ಟಿದ್ದೆ. ಈಗ ಹೇಳ್ತೀನಿ.”

ಮೈಕ್ ಕೆಳಗಿಟ್ಟು, ಎರಡೂ ಕೈಯಲ್ಲಿ ಅಕ್ಕನಿಗೆ ಹೇಳಿದಳು. ಎಲ್ಲ ಮಕ್ಕಳೂ ನೋಡಿದರು. ಯಾರೂ ನಗಲಿಲ್ಲ. ಅಧ್ಯಕ್ಷರು ನೀರಿನ ಲೋಟಕ್ಕೆ ಕೈ ಹಾಕಿದರು. ಒಬ್ಬೊಬ್ಬರಾಗಿ ಪೋಷಕರು ಎದ್ದು ನಿಂತದ್ದನ್ನು ಕಂಡು, “ಲ್ಯಾಪ್‌ಟಾಪ್ ಬದಲಾಯಿಸಿ ಕೊಡಿಸ್ತೀವಿ” ಎಂದರು. ತಪ್ಪಾಯಿತು ಎನ್ನಲಿಲ್ಲ. ಆ ಮಾತು ಅಂಥವರ ನಾಲಿಗೆಗೆ ಒಗ್ಗುವುದಿಲ್ಲ.

ಮರುದಿನ ಅಂಗಡಿಗೆ ಹೋದವರು ಅಕ್ಕ ತಂಗಿ ಇಬ್ಬರೇ. ಕಪ್ಪು ಇಟ್ಟಿಗೆಯ ಮೇಲೆ ಸಾಫ್ಟ್‌ವೇರ್ ಹಾಕಿಸುವವರೆಗೆ ತಂಗಿ ಕುರ್ಚಿ ಬಿಟ್ಟು ಏಳಲಿಲ್ಲ. ಹಳೆಯ ಎಂಟು ಪಾಠಗಳ ಫೈಲಿನಲ್ಲಿ ಎರಡನ್ನು ಒಟ್ಟಿಗೆ ಓಡಿಸಿದಳು. ಫ್ಯಾನು ಗೊರಗುಟ್ಟಿತು. ಮಾರುವವನು, “ಸದ್ದು ಸ್ವಲ್ಪ ಜಾಸ್ತಿ ಮೇಡಂ” ಎಂದ. ಅಕ್ಕ ಸದ್ದಿನ ಗೊಡವೆಗೇ ಹೋಗದೆ, ಪರದೆಗೆ ಮೂಗು ತಾಗಿಸುವಷ್ಟು ಬಾಗಿ ತನ್ನ ಬೆರಳುಗಳನ್ನು ಒಂದೊಂದಾಗಿ ಎಣಿಸಿದಳು. ಹತ್ತೂ ಸಿಕ್ಕವು. ಇದೇ, ಎಂದು ಮೇಜು ತಟ್ಟಿದಳು.

ಕಳೆದುಹೋದ ನಾಲ್ಕು ಪಾಠಗಳನ್ನು ಅಕ್ಕ ಮತ್ತೆ ಹೇಳಿದಳು, ಬಿಸಿನೀರಿನ ಬಕೆಟ್ಟು ಪಕ್ಕಕ್ಕಿಟ್ಟುಕೊಂಡು, ಒಂದೊಂದನ್ನು ಐದೈದು ತುಂಡು ಮಾಡಿಕೊಂಡು. ಹೊಸ ಲ್ಯಾಪ್‌ಟಾಪಿನಲ್ಲಿ ಎಲ್ಲ ನಿಚ್ಚಳ: ಊದಿದ ಗಂಟುಗಳು, ‘ಶ್ವಾಸಕೋಶ’ದ ಮೇಲೆ ಬಂದು ನಡುಗಿದ ಎಡಗೈ. ತಂಗಿ ಹಳೆಯ ಚಾಳಿಯಂತೆ ಆ ನಡುಕವನ್ನು ಕತ್ತರಿಸಲು ಹೋದಳು. ಅಕ್ಕ ಅವಳ ಮಣಿಕಟ್ಟು ಹಿಡಿದಳು.

ಇರಲಿ ಬಿಡೇ, ಕಾಣ್ಲಿ ಎಂದಿತು ಅವಳ ಇನ್ನೊಂದು ಕೈ. ಕೈ ಯಾಕೆ ನಡುಗ್ತು, ಎರಡನೇ ಸಲ ಹೇಳಿಸಿದ್ದು ಯಾರು ಅಂತ ಮಕ್ಕಳು ಕೇಳ್ತಾರೆ. ಹೇಳು.