ದೂಳು ಕಾಯುತ್ತ ಮಿರಜಕ್ಕೆ

ಜೋಧಪುರದಲ್ಲಿ ರೈಲು ಹತ್ತಿದವನು ಮಿರಜ ಮುಟ್ಟುವವರೆಗೂ ಒಂದು ಕೊಳಕು ಕನ್ನಡಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದೆ. ಮರುಭೂಮಿಯ ಸೌರ ವಿದ್ಯುತ್ ಸ್ಥಾವರದಲ್ಲಿ ಕನ್ನಡಿ ತೊಳೆಸುವುದು ನನ್ನ ಕೆಲಸ. ಅಲ್ಲಿ ಸಾಲು ಸಾಲು ಕನ್ನಡಿಗಳು ಬಿಸಿಲನ್ನು ಕೊಳವೆಯ ಮೇಲೆ ಬೀಳಿಸಿ ಎಣ್ಣೆ ಕಾಯಿಸುತ್ತವೆ. ಆ ಕಾವಿನಿಂದ ಹಬೆ, ಹಬೆಯಿಂದ ಕರೆಂಟು. ದೂಳು ಹಿಡಿದರೆ ಎಲ್ಲವೂ ಮಂಕು.

ನಮ್ಮ ಕಂಪನಿಯನ್ನು ಸಾಂಗಲಿಯ ಬಾಯ್ಲರ್ ಕಂಪನಿಯೊಂದರಲ್ಲಿ ವಿಲೀನ ಮಾಡಿದರು. ಹೊಸ ಯಜಮಾನರ ಮೊದಲ ಆದೇಶವೇ ಇದು: ನೀರು ದುಬಾರಿ, ಸೋಮವಾರದಿಂದ ಒಣ ಬಟ್ಟೆಯಲ್ಲಿ ಒರೆಸಿ. ಮರಳಿನ ದೂಳನ್ನು ಒಣಗಿದ್ದಾಗಲೇ ಉಜ್ಜಿದರೆ ಗಾಜು ಕೆರೆದುಹೋಗುತ್ತದೆ ಎಂದು ಫೋನಿನಲ್ಲಿ ಬಡಕೊಂಡೆ. ಯಾರ ಕಿವಿಗೂ ಹೋಗಲಿಲ್ಲ. ಇಡೀ ಬಯಲಿನ ಕನ್ನಡಿ ಹಾಳಾದರೆ ತೊಳೆಯುವ ನನ್ನ ಜನರೂ ಮನೆಗೆ. ಅದಕ್ಕೇ ಒಂದು ತುಂಡನ್ನು ದೂಳಿನ ಸಮೇತ ಹೊತ್ತು ತಂದಿದ್ದೆ. ಎಂಥ ದೂಳೆಂದು ಆದೇಶ ಕೊಟ್ಟ ಸಾಹೇಬರೇ ಕಣ್ಣಾರೆ ನೋಡಲಿ. ಎದುರು ಸೀಟಿನ ಅಜ್ಜ ಅದರ ಮೇಲೆ ಊದಲು ಬಾಗಿದಾಗಲೆಲ್ಲ ಕೈ ಅಡ್ಡ ಹಿಡಿದೆ. ಕನ್ನಡಿ ತೊಳೆಸಿ ಹೊಟ್ಟೆ ಹೊರೆಯುವವನಿಗೆ ದೂಳು ಕಾಯುವ ಗತಿ ಬಂತಲ್ಲ!

ಮಿರಜದಲ್ಲಿ ಅವ್ವನ ತಂಗಿ ಮಾವಶಿಯ ಮನೆಗೆ ಚೀಲ ಎಸೆದು, ಸಿಕ್ಕಷ್ಟು ಜನರನ್ನು ತುಂಬಿಕೊಂಡು ಓಡುವ ವಡಾಪ ರಿಕ್ಷಾದಲ್ಲಿ ಆರನೆಯವನಾಗಿ ತುರುಕಿಕೊಂಡು ಸಾಂಗಲಿಗೆ ಹೋದೆ. ಬಿಸಿಲು ಉರಿಯುತ್ತಿತ್ತು. ಮುಖ್ಯ ಕಚೇರಿಯ ಬೋರ್ಡಿನಲ್ಲಿ ಹಳೆಯ ಹೆಸರು ಅರ್ಧ ಅಳಿಸಿತ್ತು, ಹೊಸದು ಅರ್ಧ ಬರೆದಿತ್ತು. ನೂರೆಂಟು ಸಲ ಕೂರಿಸಿ ಕಾಯಿಸಿದ ಮೇಲೆ ಸ್ವಾಗತದ ಹುಡುಗಿ, ನನ್ನ ಕನ್ನಡ ಪೂರ್ತಿ ತಿಳಿದವಳು, ಮರಾಠಿಯಲ್ಲಿ ಹೇಳಿದಳು: ಪುನರ್ರಚನೆಯಲ್ಲಿ ನಿಮ್ಮ ಸ್ಥಾವರ ನೋಡಿಕೊಳ್ಳುವ ವಿಭಾಗ ಮಿರಜಕ್ಕೆ ಹೋಗಿದೆ. ಮಿರಜದಲ್ಲಿ ಎಲ್ಲಿ? ಮಾವಶಿಯ ಓಣಿಯ ಹಿಂದೆ. ಭಡಂಗಿನ ಪೊಟ್ಟಣ ಕೊಂಡು, ಆ ಖಾರದ ಮಂಡಕ್ಕಿಯನ್ನು ಸಿಟ್ಟಿನಿಂದ ಜಗಿಯುತ್ತ ವಾಪಸಾದೆ. ಅಷ್ಟರಲ್ಲಿ ಅಲ್ಲಿ ಬೀಗ ಹಾಕಿದ್ದರು.

ಕನ್ನಡಿಯನ್ನು ಮಾವಶಿಯ ಮನೆಯಲ್ಲಿಟ್ಟು ಸ್ನಾನ ಮುಗಿಸಿ ಬಂದೆ. ದೀಪದ ಪಕ್ಕದಲ್ಲಿ ನನ್ನ ಕನ್ನಡಿ ಫಳಫಳ ಹೊಳೆಯುತ್ತಿತ್ತು.

“ಮಾವಶಿ, ಏನ ಮಾಡಿದ್ರಿ! ಆ ದೂಳ ತೋರಸಾಕ ಬಂದೇನಿ ನಾ!”

“ದೀಪಾ ಹಚ್ಚೂ ಹೊತ್ತಿನ್ಯಾಗ ಅಷ್ಟ ಹೊಲಸ ಕನ್ನಡಿ ಮನ್ಯಾಗ ಇಡಬಾರದೋ. ಸೆರಗಿಲೆ ಒರಸೀನಿ. ದೂಳ ಬೇಕಂದ್ರ ನಮ್ಮ ಓಣ್ಯಾಗ ಬೇಕಾದಷ್ಟ ಐತಿ, ತಗೊಂಡ ಹೋಗ.”

ಬಿಸಿ ಭಾಕರಿ ಬಡಿಸಿದಳು. ಅಳುವೇ ಬಂದಿತ್ತು.

ಬೆಳಿಗ್ಗೆ, ತೋರಿಸಲು ದೂಳೂ ಇಲ್ಲದೆ ಬೈಸಿಕೊಂಡು ಬರುವುದೆಂದು ಹೊರಟವನು, ಹೊಸ್ತಿಲಲ್ಲಿ ಕನ್ನಡಿಯನ್ನು ಸುಮ್ಮನೆ ಬಿಸಿಲಿಗೆ ಹಿಡಿದೆ. ತುಂಬ ಸಣ್ಣ ಸಣ್ಣ ಗೀರುಗಳು, ಮಾವಶಿಯ ಕೈ ಸುತ್ತಿದಂತೆಯೇ ಸುತ್ತು ಸುತ್ತಾಗಿ. “ಮಾವಶಿ, ಚಪ್ಪಲ್ ಹಾಕೋರಿ, ನನ್ನ ಜೋಡಿ ಬರ್ರಿ” ಎಂದೆ.

ಓಣಿಯ ಹಿಂದಿನ ಕಚೇರಿಯ ಸಾಹೇಬರು ಅಲ್ಲೇ ಹತ್ತಿರದ ಬೇಡಗ ಎಂಬ ಹಳ್ಳಿಯವರು. ಮೊದಲು ಮರಾಠಿಯಲ್ಲಿ ಗದರಿದರು. ಮಾವಶಿಯನ್ನು ಕಂಡು ಕನ್ನಡಕ್ಕೆ ಇಳಿದರು. ಕನ್ನಡಿಯನ್ನು ಕಿಟಕಿಯ ಬಿಸಿಲಿಗೆ ಓರೆ ಮಾಡಿ ಬಹಳ ಹೊತ್ತು ನೋಡಿದರು.

“ಎಷ್ಟ ಸಲ ಒರಸೀರಿ ಮಾವಶಿ?”

“ಒಂದ ಸಲ ರೀ. ಮೆತ್ತನ್ನ ಸೆರಗು.”

“ಅಲ್ಲೆ ದಿನಾ ಒರಸೂದೇನು?” ಎಂದು ನನ್ನತ್ತ ತಿರುಗಿದರು.

“ನಿಮ್ಮ ಆದೇಶ ಹಂಗ ಐತ್ರಿ.”

ನೀರು ನಿಲ್ಲಿಸಬೇಡಿ ಎಂದು ಅಲ್ಲೇ ಫೋನು ಮಾಡಿದರು. ಮುಂದಿನ ಪುನರ್ರಚನೆಯಲ್ಲಿ ಈ ಕುರ್ಚಿಯಲ್ಲಿ ಯಾರಿರುತ್ತಾರೋ! ಬರೆದು ಕೊಡಿ ಎಂದು ಪಟ್ಟು ಹಿಡಿದೆ. ಗೊಣಗುತ್ತಲೇ ಬರೆದು ಕೊಟ್ಟರು.

ಸ್ಟೇಷನ್ನಿಗೆ ಮಾವಶಿಯೂ ಬಂದಳು. ನನ್ನ ಕಿಟಕಿಯ ಗಾಜಿನ ಮೇಲೆ ಒಂದು ಪದರ ಮಣ್ಣು. “ನಿನ್ನ ಮಾರೀನ ಕಾಣವಲ್ದಲ್ಲೋ” ಎಂದು ಸೆರಗು ಎತ್ತಿದಳು. ಒಳಗಿನಿಂದ ಗಾಜು ಬಡಿದೆ, ಕೂಗಿದೆ. ಅವಳ ಕೈ ನಿಂತಿತು. ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ತೆಗೆದು ಗಾಜಿಗೆ ಧಾರಾಳವಾಗಿ ನೀರು ಸುರಿದಳು, ಆಮೇಲೆ ಒರೆಸಿದಳು. ಅವಳ ಮುಖ ಚೆನ್ನಾಗಿ ಕಂಡಿತು.

ರೈಲು ಮೆಲ್ಲಗೆ ಹೊರಟಿತು. ತಿರುಗಿ ನೋಡಿದರೆ ಮಾವಶಿ ನನ್ನತ್ತ ನೋಡುತ್ತಲೇ ಇರಲಿಲ್ಲ. ಪಕ್ಕದ ಕಿಟಕಿಯ ಗಾಜನ್ನು ಕರವಸ್ತ್ರದಿಂದ ಗಸಗಸ ಉಜ್ಜುತ್ತ ಜೊತೆಗೆ ನಡೆಯುತ್ತಿದ್ದ ಯಾರೋ ಗಂಡಸಿನತ್ತ ಬಾಟಲಿ ಚಾಚಿ ಕೂಗುತ್ತಿದ್ದಳು:

“ಏ ತಮ್ಮಾ, ಮೊದಲ ನೀರ ಹಾಕೋ!”